ಮಿತಪಾನದ ಮಾತು ಮತ್ತು ದ್ರಾಕ್ಷಿಯ ಜಿಲ್ಲೆ

ವೈನ್ ಉದ್ಯಮದ ಪ್ರಸ್ತಾಪ ಬಂದಾಗಲೆಲ್ಲ ನಮ್ಮಲ್ಲಿ ಒಂದು ವಾದ ತಪ್ಪದೆ ಕೇಳಿಬರುತ್ತದೆ. ವೈನ್ ಎಂದರೆ ಮದ್ಯವಲ್ಲ, ಅದು ಹಣ್ಣಿನ ರಸ. ಕ್ರೈಸ್ತರ ಆರಾಧನೆಯಲ್ಲಿಯೇ ಅದಕ್ಕೆ ಸ್ಥಾನವಿದೆ. ಪಾಶ್ಚಾತ್ಯರು ಊಟದೊಂದಿಗೆ ಹಿತಮಿತವಾಗಿ ಸೇವಿಸಿ ಸುಖವಾಗಿದ್ದಾರೆ ಎಂಬುದು ಆ ವಾದ. ವಿರೋಧಿಸುವವರೂ ಅದೇ ಮೂಲಕ್ಕೆ ಕೈಹಾಕುತ್ತಾರೆ. ಕುಡಿತ ಅವರ ಧರ್ಮಕ್ಕೆ ಒಗ್ಗಿದ್ದು, ನಮ್ಮದಕ್ಕಲ್ಲ ಎನ್ನುತ್ತಾರೆ. ಪರ-ವಿರೋಧ ಎರಡೂ ಕಡೆಯವರು ಕ್ರೈಸ್ತಧರ್ಮವನ್ನು ಸಾಕ್ಷಿಗೆ ಕರೆಯುತ್ತಾರೆ. ಸಾಕ್ಷಿಯ ಹೇಳಿಕೆಯನ್ನು ಪೂರ್ತಿಯಾಗಿ ಕೇಳುವ ತಾಳ್ಮೆ ಮಾತ್ರ ಯಾರಿಗೂ ಇದ್ದಂತಿಲ್ಲ.

ಈ ಮಾತಿಗೆ ವಿಜಯಪುರ ಜಿಲ್ಲೆಯಲ್ಲಿ ವಿಶೇಷ ಮಹತ್ವವಿದೆ. ರಾಜ್ಯದ ದ್ರಾಕ್ಷಿಯ ಬಹುಪಾಲು ಬೆಳೆಯುವುದು ಇಲ್ಲಿ. ವಿಜಯಪುರ, ತಿಕೋಟಾ ಭಾಗಗಳು ಮುಂಚೂಣಿಯಲ್ಲಿದ್ದರೂ ಇಂಡಿ, ಬಸವನ ಬಾಗೇವಾಡಿಗಳಲ್ಲಿಯೂ ದ್ರಾಕ್ಷಿ ತೋಟಗಳಿವೆ. ಸಿಂದಗಿ, ಮುದ್ದೇಬಿಹಾಳಗಳು ಮೂಲತಃ ಜೋಳ, ತೊಗರಿಯ ಒಣಬೇಸಾಯದ ಸೀಮೆ. ಮಳೆ ಕೈಕೊಟ್ಟ ವರ್ಷ ಇಲ್ಲಿನ ಕೂಲಿಕಾರರು ಗೋವಾ, ಪುಣೆ, ಮಂಗಳೂರುಗಳಿಗೆ ಗುಳೆ ಹೋಗುತ್ತಾರೆ. ತೊರವಿಯಲ್ಲಿ ವೈನ್ ಪಾರ್ಕ್ ಸ್ಥಾಪಿಸುವ ಮಾತು ಒಂದೂವರೆ ದಶಕದಿಂದ ಮತ್ತೆ ಮತ್ತೆ ತಲೆ ಎತ್ತುತ್ತಿದೆ. ಕ್ರೈಸ್ತರ ಸಂಖ್ಯೆಯಾದರೋ ಈ ನಾಲ್ಕು ತಾಲ್ಲೂಕುಗಳಲ್ಲಿ ಅತ್ಯಲ್ಪ. ಇಲ್ಲಿ ಇಲ್ಲದ ಜನರ ನಂಬಿಕೆಯನ್ನು ಇಲ್ಲಿನ ಅಬಕಾರಿ ನೀತಿಗೆ ಆಧಾರವಾಗಿ ತೋರಿಸುವುದೇ ಒಂದು ವಿಚಿತ್ರ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ‘ವೈನ್ಸ್’ ಎಂಬ ಫಲಕ ಹೊತ್ತ ಅಂಗಡಿಗಳಲ್ಲಿ ಬಹುತೇಕ ಎಲ್ಲವೂ ಸಿಗುತ್ತದೆ. ಕೇಳಿದರೆ ವೈನ್ ಸಿಗುವುದೇ ಅಪರೂಪ. ಶಬ್ದವೊಂದು ಎಷ್ಟು ದೂರ ಪಯಣಿಸಬಲ್ಲದು ಎಂಬುದಕ್ಕೆ ಆ ಫಲಕವೇ ನಿದರ್ಶನ.

ಶಬ್ದದ ಗೊಂದಲ ಬೈಬಲ್ಲಿನ ಕನ್ನಡ ಅನುವಾದದಲ್ಲಿಯೂ ಇದೆ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ಮಾರ್ಪಡಿಸಿದ್ದು ‘ದ್ರಾಕ್ಷಾರಸ’ವಾಗಿ. ಎಳೆಯ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಯ ಕಾರಣ ಪೌಲನು ಸ್ವಲ್ಪ ಸೇವಿಸೆಂದು ಬರೆದದ್ದೂ ದ್ರಾಕ್ಷಾರಸವನ್ನೇ. ಆದರೆ ಎಫೆಸದವರಿಗೆ ಬರೆದ ಪತ್ರದಲ್ಲಿ ಕುಡಿದು ಮತ್ತರಾಗಬಾರದೆಂದು ಎಚ್ಚರಿಸುವಾಗ ಬರುವುದು ‘ಮದ್ಯ’. ಗ್ರೀಕ್ ಮೂಲದಲ್ಲಿ ಮೂರೂ ಕಡೆ ಇರುವುದು ಒಂದೇ ಪದ. ಹಿತವಾದ ಕಡೆ ಹಣ್ಣಿನ ರಸ, ಅಹಿತವಾದ ಕಡೆ ಮದ್ಯ ಎಂದು ಅನುವಾದಕರು ವಿಂಗಡಿಸಿದ್ದು ಸದುದ್ದೇಶದಿಂದಲೇ ಇರಬೇಕು. ಪರಿಣಾಮವೆಂದರೆ, ಒಳ್ಳೆಯ ಪಾನೀಯ ಒಂದು, ಕೆಟ್ಟ ಪಾನೀಯ ಇನ್ನೊಂದು ಎಂಬ ಭಾವನೆ ಕನ್ನಡ ಓದುಗನಲ್ಲಿ ಮೂಡುತ್ತದೆ. ಮೂಲ ಗ್ರಂಥದ ನಿಲುವು ಅದಲ್ಲ. ಅಲ್ಲಿ ಪದಾರ್ಥ ಒಂದೇ. ವ್ಯತ್ಯಾಸವಿರುವುದು ಸೇವಿಸುವವನಲ್ಲಿ, ಪ್ರಮಾಣದಲ್ಲಿ, ಸಂದರ್ಭದಲ್ಲಿ. ದ್ರಾಕ್ಷಿತೋಟ ಹಾಕಿ ಕುಡಿದು ಮೈಮರೆತು ಮಲಗಿದ ನೋಹನ ಕಥೆ ಅದೇ ಗ್ರಂಥದ ಮೊದಲ ಪುಸ್ತಕದಲ್ಲಿದೆ. ಮನುಷ್ಯನ ಹೃದಯವನ್ನು ಹರ್ಷಗೊಳಿಸುವ ದೇವರ ಕೊಡುಗೆಯೆಂದು ಅದನ್ನೇ ಹೊಗಳುವ ಕೀರ್ತನೆಯೂ ಇದೆ. ಸ್ನಾನಿಕ ಯೋಹಾನನು ದ್ರಾಕ್ಷಾರಸ ಮುಟ್ಟದೆ ಬದುಕಿದಾಗ ಜನ ಅವನಿಗೆ ದೆವ್ವ ಹಿಡಿದಿದೆ ಎಂದರು. ಯೇಸು ಎಲ್ಲರಂತೆ ಉಂಡು ಕುಡಿದಾಗ ಕುಡುಕನೆಂದರು. ಈ ಎರಡು ಬಗೆಯ ನಿಂದನೆಯನ್ನೂ ಸುವಾರ್ತೆಗಳು ಒಟ್ಟಿಗೇ ದಾಖಲಿಸಿವೆ.

ಇನ್ನು ಆ ದ್ರಾಕ್ಷಾರಸ ಎಂಥದ್ದು ಎಂಬುದನ್ನೂ ನೋಡಬೇಕು. ಪ್ರಾಚೀನ ಗ್ರೀಕರು, ರೋಮನರು ಅದಕ್ಕೆ ನೀರು ಬೆರೆಸಿಯೇ ಕುಡಿಯುತ್ತಿದ್ದರು. ನೀರು ಬೆರೆಸದೆ ಕುಡಿಯುವುದು ಅನಾಗರಿಕರ ಲಕ್ಷಣವೆಂಬ ಭಾವನೆಯಿತ್ತು. ಕ್ಯಾಥೋಲಿಕರ ಬಲಿಪೂಜೆಯಲ್ಲಿ ಗುರುಗಳು ಪಾತ್ರೆಯ ದ್ರಾಕ್ಷಾರಸಕ್ಕೆ ಇಂದಿಗೂ ಒಂದಿಷ್ಟು ನೀರು ಸೇರಿಸುತ್ತಾರೆ. ಭಟ್ಟಿ ಇಳಿಸಿದ ಮದ್ಯ ಬೈಬಲ್ಲಿನ ಕಾಲದಲ್ಲಿ ಇರಲೇ ಇಲ್ಲ. ಯೂರೋಪಿನಲ್ಲಿ ಅದು ಬಳಕೆಗೆ ಬಂದದ್ದು ಹನ್ನೆರಡನೆಯ ಶತಮಾನದ ನಂತರ. ಆದ್ದರಿಂದ ‘ಬೈಬಲ್ಲು ಕುಡಿಯಲು ಅನುಮತಿಸುತ್ತದೆ’ ಎನ್ನುವವರು ಯಾವ ಪಾನೀಯದ ಮಾತಾಡುತ್ತಿದ್ದಾರೆಂದು ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಮಾರಾಟವಾಗುವ 90 ಮಿಲಿಲೀಟರಿನ ಪೊಟ್ಟಣದ ವಿಸ್ಕಿಯಲ್ಲಿ ಶೇ 42.8ರಷ್ಟು ಮದ್ಯಸಾರವಿರುತ್ತದೆ. ಅಂದರೆ ಒಂದು ಪೊಟ್ಟಣದಲ್ಲಿ ಸುಮಾರು 38 ಮಿಲಿಲೀಟರು ಶುದ್ಧ ಮದ್ಯಸಾರ. ಶೇ 12ರ ವೈನಿನ 150 ಮಿಲಿಲೀಟರಿನ ಒಂದು ಲೋಟದಲ್ಲಿರುವುದು 18. ದಿನವಿಡೀ ಬಿಸಿಲಲ್ಲಿ ದುಡಿದು, ಉಣ್ಣದೆ, ನಿಂತ ನಿಲುವಿನಲ್ಲಿ ಒಂದು ಪೊಟ್ಟಣ ಕುಡಿದವನು ಎರಡು ಲೋಟಕ್ಕೂ ಹೆಚ್ಚು ವೈನನ್ನು ಒಂದೇ ಗುಟುಕಿಗೆ ಸುರಿದುಕೊಂಡಂತಾಯಿತು. ಮಿತಪಾನವೆಂಬುದು ಪಾನೀಯದ ತೀಕ್ಷ್ಣತೆ, ಹೊಟ್ಟೆಯಲ್ಲಿರುವ ಅನ್ನ, ಕುಡಿಯುವ ವೇಗ, ಜೊತೆಗಿರುವವರು ಇವೆಲ್ಲ ಸೇರಿ ಸಾಧ್ಯವಾಗುವ ಸ್ಥಿತಿ. ಬರೀ ಸಂಯಮದ ಪ್ರಶ್ನೆಯಲ್ಲ. ಆರೋಗ್ಯದ ದೃಷ್ಟಿಯಿಂದಂತೂ ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.

ಕ್ರೈಸ್ತ ಸಭೆಗಳು ಈ ವಿಷಯದಲ್ಲಿ ಎಂದೂ ಒಂದೇ ದನಿಯಲ್ಲಿ ಮಾತಾಡಿಲ್ಲ. ಎರಡನೆಯ ಶತಮಾನದಲ್ಲಿಯೇ ದ್ರಾಕ್ಷಾರಸ ಪಾಪದ ವಸ್ತುವೆಂದು ಬಿಟ್ಟು, ಪವಿತ್ರ ಸಂಸ್ಕಾರವನ್ನೂ ನೀರಿನಲ್ಲಿಯೇ ನಡೆಸಿದ ವಿರಕ್ತರ ಪಂಥಗಳಿದ್ದವು. ಮುಖ್ಯ ಸಭೆ ಅವರನ್ನು ಒಪ್ಪಲಿಲ್ಲ. ಸೃಷ್ಟಿಯ ವಸ್ತು ಕೆಟ್ಟದ್ದಲ್ಲ, ಅತಿಯಾದ ಬಳಕೆ ಕೆಟ್ಟದ್ದು ಎಂಬುದು ಅದರ ನಿಲುವಾಯಿತು. ಅಲೆಕ್ಸಾಂಡ್ರಿಯದ ಕ್ಲೆಮೆಂಟನು ಯುವಜನರು ಅದರಿಂದ ದೂರವಿರಲಿ, ವಯಸ್ಸಾದವರು ಸಂಜೆ ಹಿತವಾಗಿ ಸೇವಿಸಲಿ ಎಂದು ಬೋಧಿಸಿದ. ಧರ್ಮಸುಧಾರಣೆಯ ಮಾರ್ಟಿನ್ ಲೂಥರ್ ಬಿಯರ್ ಕುಡಿಯುತ್ತಿದ್ದ. ಅದನ್ನು ಮನೆಯಲ್ಲಿ ತಯಾರಿಸುತ್ತಿದ್ದವಳು ಅವನ ಪತ್ನಿ. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಭಟ್ಟಿ ಮದ್ಯದ ವ್ಯಾಪಾರವನ್ನು ಉಗ್ರವಾಗಿ ಖಂಡಿಸಿದರೂ ವೈನನ್ನು ನಿಷೇಧಿಸಲಿಲ್ಲ. ಕೈಗಾರಿಕಾ ನಗರಗಳಲ್ಲಿ ಕಾರ್ಮಿಕ ಕುಟುಂಬಗಳು ಜಿನ್, ರಮ್‌ಗಳಿಂದ ಬೀದಿಗೆ ಬಿದ್ದುದನ್ನು ಕಂಡ ಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ, ಅವನ ಅನುಯಾಯಿಗಳು ಸಂಪೂರ್ಣ ಪಾನವರ್ಜನೆಯತ್ತ ತಿರುಗಿದರು. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯ ದ್ರಾಕ್ಷಿರಸವನ್ನು ಹುಳಿಯದಂತೆ ಕಾಯಿಸಿ ಕಾಪಿಡುವ ವಿಧಾನ ಕಂಡುಹಿಡಿದದ್ದು ಪವಿತ್ರ ಸಂಸ್ಕಾರಕ್ಕಾಗಿಯೇ. ಬೀದರ್, ಕಲಬುರಗಿ ಭಾಗಗಳ ಮೆಥಡಿಸ್ಟ್ ಸಭೆಗಳು ಈ ಅಮೆರಿಕನ್ ಪರಂಪರೆಗೆ ಸೇರಿದವು.

ಕ್ಯಾಥೋಲಿಕರದು ಬೇರೆ ದಾರಿ. ಅವರ ಧರ್ಮಸಂಹಿತೆಯ ಪ್ರಕಾರ ಬಲಿಪೂಜೆಗೆ ದ್ರಾಕ್ಷಿಯಿಂದಲೇ ಸಹಜವಾಗಿ ತಯಾರಾದ, ಕೆಡದ ವೈನ್ ಬೇಕು. ಕುಡಿತದ ಚಟಕ್ಕೆ ಸಿಕ್ಕಿ ಹೊರಬಂದ ಗುರುಗಳಿಗೆ, ಹುಳಿಯುವಿಕೆಯನ್ನು ಆರಂಭದಲ್ಲಿಯೇ ತಡೆದ ರಸವನ್ನು ಧರ್ಮಾಧ್ಯಕ್ಷರ ಅನುಮತಿಯಿಂದ ಬಳಸಲು ಅವಕಾಶವಿದೆ. ಅಂದರೆ ವಿಧಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಸಭೆಯೂ ದುರ್ಬಲನಿಗೆಂದು ಬಾಗಿಲೊಂದನ್ನು ತೆರೆದಿಟ್ಟಿದೆ. ಒಣದ್ರಾಕ್ಷಿಗೂ ಈ ಚರಿತ್ರೆಯಲ್ಲಿ ಪಾತ್ರವುಂಟು. ಹದಿನಾರನೆಯ ಶತಮಾನದ ಆರಂಭದಲ್ಲಿ ಕೇರಳದಲ್ಲಿದ್ದ ಪೋರ್ಚುಗೀಸ್ ಬರೆಹಗಾರ ದುವಾರ್ತೆ ಬಾರ್ಬೋಸಾ, ಅಲ್ಲಿನ ಕ್ರೈಸ್ತರು ಹೊರದೇಶದಿಂದ ಬರುವ ಒಣದ್ರಾಕ್ಷಿಯನ್ನು ರಾತ್ರಿ ನೆನೆಸಿ ಮರುದಿನ ಹಿಂಡಿದ ರಸವನ್ನು ಪೂಜೆಗೆ ಬಳಸುತ್ತಿದ್ದರೆಂದು ಬರೆದಿದ್ದಾನೆ. ವಿಜಯಪುರದ ಒಣದ್ರಾಕ್ಷಿ ಬೆಳೆಗಾರರಿಗೆ ಇದು ತಿಳಿದರೆ ಖುಷಿಯಾದೀತು.

ಇಷ್ಟೆಲ್ಲ ವೈವಿಧ್ಯದ ನಡುವೆ ಮಿತಪಾನದ ವಾದಿಗಳು ಸಾಮಾನ್ಯವಾಗಿ ಕೈಬಿಡುವ ಭಾಗವೊಂದಿದೆ. ನನ್ನ ದೃಷ್ಟಿಯಲ್ಲಿ ಕ್ರೈಸ್ತ ಚಿಂತನೆಯ ತಿರುಳು ಅಲ್ಲಿದೆ. ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಪೌಲನು ಸಿಟ್ಟಾಗುವುದು ಜನ ಕುಡಿದರು ಎಂಬಷ್ಟಕ್ಕೇ ಅಲ್ಲ. ಕರ್ತನ ಭೋಜನಕ್ಕೆಂದು ಸೇರಿದಾಗ ಉಳ್ಳವರು ಮೊದಲೇ ಉಂಡು ಕುಡಿದು ಅಮಲೇರಿಸಿಕೊಂಡರು, ಇಲ್ಲದವರು ಹಸಿದು ಕುಳಿತರು ಎಂಬುದು ಅವನ ಆಕ್ಷೇಪ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಇನ್ನೂ ಮುಂದೆ ಹೋಗಿ, ನಿನಗೆ ಸ್ವಾತಂತ್ರ್ಯವಿದ್ದರೂ ನಿನ್ನ ಮಾಂಸಾಹಾರದಿಂದಲೋ ದ್ರಾಕ್ಷಾರಸದಿಂದಲೋ ದುರ್ಬಲನಾದ ಸಹೋದರ ಎಡವುವುದಾದರೆ ಅದನ್ನು ಬಿಡುವುದೇ ಲೇಸು ಎಂಬರ್ಥದ ಮಾತು ಹೇಳುತ್ತಾನೆ. ಮಿತಿ ಎಂಬುದು ಕುಡಿಯುವವನ ಲೋಟದೊಳಗಿನ ಅಳತೆಯಾಗಿ ಇಲ್ಲಿ ಉಳಿಯುವುದಿಲ್ಲ. ಪಂಕ್ತಿಯ ಕೊನೆಯಲ್ಲಿ ಕುಳಿತವನ ಸ್ಥಿತಿಯೂ ಆ ಅಳತೆಗೆ ಸೇರುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ಬಾಹ್ಯ ಪರಿಣಾಮಗಳ ಸಿದ್ಧಾಂತದಂತೆಯೇ ಕೇಳಿಸುತ್ತದೆ: ನನ್ನ ಉಪಭೋಗದ ವೆಚ್ಚವನ್ನು ಇನ್ನೊಬ್ಬ ತೆರುತ್ತಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸ್ವಾತಂತ್ರ್ಯಕ್ಕೆ ಅರ್ಥವಿಲ್ಲ.

ಈ ಅರ್ಥದಲ್ಲಿ ಬಸವನ ಬಾಗೇವಾಡಿಯ ನೆಲಕ್ಕೆ ಈ ವಿಚಾರ ಹೊರಗಿನದೇನೂ ಅಲ್ಲ. ಅಲ್ಲಿ ಹುಟ್ಟಿದ ಬಸವಣ್ಣನವರ ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಹೆಂಡ ಮಾರುವ ಕಾಯಕದವನಾಗಿದ್ದೂ ಕುಡಿತದ ಕೇಡನ್ನು ಗಿರಾಕಿಗಳಿಗೆ ತಿಳಿಹೇಳುತ್ತಿದ್ದನೆಂದು ಪ್ರತೀತಿ. ಮಾರುವವನಿಗೂ ಹೊಣೆಯಿದೆ ಎಂದು ಒಪ್ಪಿದ ವ್ಯಾಪಾರಿ ಇಂದು ಎಲ್ಲಿ ಸಿಕ್ಕಾನು? ಇಂದು ಅತಿ ದೊಡ್ಡ ವ್ಯಾಪಾರಿ ಸರ್ಕಾರವೇ. 2025–26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40 ಸಾವಿರ ಕೋಟಿ ರೂಪಾಯಿ.

ಕರ್ನಾಟಕದ ಕ್ರೈಸ್ತ ಮಿಷನ್ನುಗಳ ಅನುಭವದಲ್ಲಿಯೂ ಕಲಿಯಬೇಕಾದ್ದಿದೆ. 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ, ಗುಳೇದಗುಡ್ಡಗಳಿಗೆ ಹಬ್ಬಿದ ಬಾಸೆಲ್ ಮಿಷನ್, ಕರಾವಳಿಯಲ್ಲಿ ಕ್ರೈಸ್ತರಾದ ಮೂರ್ತೆದಾರರು ಕಳ್ಳು ಇಳಿಸುವ ಕಸುಬನ್ನು ಬಿಡಬೇಕೆಂದು ಬಯಸಿತು. ಬಿಟ್ಟವರು ಹೊಟ್ಟೆಗೇನು ಮಾಡಬೇಕು ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು. ನೇಯ್ಗೆಯ ಕಾರ್ಖಾನೆ, 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆ ಆರಂಭವಾದುದರ ಹಿಂದೆ ಮತಾಂತರಿತರಿಗೆ ಜೀವನೋಪಾಯ ಕಲ್ಪಿಸುವ ಒತ್ತಡವಿತ್ತು. ಮಿಷನ್ನಿನ ಧೋರಣೆಯಲ್ಲಿ ಯಜಮಾನಿಕೆಯ ಗತ್ತು ಇರಲಿಲ್ಲವೆನ್ನಲಾರೆ. ಆದರೂ ಬೋಧನೆ ಮತ್ತು ಪರ್ಯಾಯ ಉದ್ಯೋಗ ಜೊತೆಜೊತೆಗೆ ನಡೆಯಬೇಕೆಂಬುದು ಅವರಿಗೆ ಗೊತ್ತಿತ್ತು. ಗಾಂಧೀಜಿಯ ಒಡನಾಡಿ, ಕ್ರೈಸ್ತ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಗ್ರಾಮೋದ್ಯೋಗ ಸಂಘದ ಮೂಲಕ ತಾಳೆ, ಈಚಲುಗಳಿಂದ ಹೆಂಡದ ಬದಲು ಬೆಲ್ಲ ತೆಗೆಯಬೇಕೆಂದು ಪ್ರಚಾರ ಮಾಡಿದ್ದೂ ಇದೇ ತಿಳಿವಳಿಕೆಯಿಂದ. ಮರ ಉಳಿಯಬೇಕು, ಮರ ಹತ್ತುವವನ ಕೂಲಿಯೂ ಉಳಿಯಬೇಕು, ಅಮಲು ಮಾತ್ರ ಹೋಗಬೇಕು.

ಸರ್ಕಾರಗಳು ಈ ಜೋಡಿಯನ್ನು ಎಂದೂ ಕೂಡಿಸಲಿಲ್ಲ. ನಾಲ್ಕು ತಾಲ್ಲೂಕುಗಳು ಮುಂಬಯಿ ಪ್ರಾಂತದಲ್ಲಿದ್ದುದರಿಂದ 1949ರ ಪಾನನಿಷೇಧ ಕಾಯ್ದೆ ಇಲ್ಲಿಗೂ ಅನ್ವಯಿಸಿತು. ಮೊರಾರ್ಜಿ ದೇಸಾಯಿಯವರ ಆ ಕಟ್ಟುನಿಟ್ಟಿನ ಕಾನೂನಿನಲ್ಲಿಯೂ ಧಾರ್ಮಿಕ ಸಂಸ್ಕಾರದ ವೈನಿಗೆ ಅನುಮತಿಯಿತ್ತು. ನಿಷೇಧವಾದಿಗಳೂ ಬಟ್ಟಲಿನ ವೈನಿಗೂ ಬಾಟಲಿಯ ಮದ್ಯಕ್ಕೂ ವ್ಯತ್ಯಾಸ ಗುರುತಿಸಿದ್ದರು. ಆದರೆ ಭೀಮೆ, ಕೃಷ್ಣೆಯರ ಆಚೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಸೀಮೆಯಲ್ಲಿ ಅಂಥ ನಿಷೇಧವಿರಲಿಲ್ಲ. ನದಿ ದಾಟಿದರೆ ಸಿಂದಿ. ಈಚೆಯ ದಂಡೆಯಲ್ಲಿ ಕಳ್ಳಭಟ್ಟಿ, ಅದರ ಹಿಂದೆ ಪೊಲೀಸರು. ಬಡವರ ತಾಂಡಾಗಳೇ ದಾಳಿಗೆ ಮೊದಲ ಗುರಿಯಾಗುವ ರೂಢಿ ಬೆಳೆಯಿತು. ಏಕೀಕರಣದ ನಂತರ, ಅರವತ್ತರ ದಶಕ ಮುಗಿಯುವುದರೊಳಗೆ, ರಾಜ್ಯ ನಿಷೇಧವನ್ನು ಕೈಬಿಟ್ಟಿತು. ತೊಂಬತ್ತರ ದಶಕದಲ್ಲಿ ನಾನು ಈ ಭಾಗದಲ್ಲಿ ಕಂದಾಯ ಅಧಿಕಾರಿಯಾಗಿದ್ದಾಗ ಸಾರಾಯಿ ಅಂಗಡಿಗಳ ವಾರ್ಷಿಕ ಹರಾಜು ಜಿಲ್ಲಾಡಳಿತದ ದೊಡ್ಡ ಹಬ್ಬದಂತಿತ್ತು. ಹರಾಜಿನ ಮೊತ್ತ ಸಂಜೆಯೊಳಗೆ ಬೆಂಗಳೂರಿಗೆ ತಲುಪುತ್ತಿತ್ತು. ಅದೇ ತಾಲ್ಲೂಕಿನಲ್ಲಿ ಎಷ್ಟು ಮನೆಗಳ ಪಡಿತರ ಚೀಟಿ ಸಾರಾಯಿ ಅಂಗಡಿಯವನ ಬಳಿ ಅಡವಿದೆ ಎಂಬ ಲೆಕ್ಕವನ್ನು ಯಾವ ನಮೂನೆಯೂ ಕೇಳುತ್ತಿರಲಿಲ್ಲ.

2007ರಲ್ಲಿ ಎರಡು ತೀರ್ಮಾನಗಳು ಬಂದವು. ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಪ್ರಕಟವಾಗಿ, ವೈನ್ ಉತ್ಪಾದನೆಗೆ, ವೈನ್ ಮಳಿಗೆಗಳಿಗೆ ಉತ್ತೇಜನ ಘೋಷಣೆಯಾಯಿತು. ಬಡವನ ಪಾನೀಯ ಪಿಡುಗು, ಮಧ್ಯಮವರ್ಗದ ಪಾನೀಯ ಸಂಸ್ಕೃತಿ! ಸಾರಾಯಿ ಕುಡಿಯುತ್ತಿದ್ದವನು ಕುಡಿತ ಬಿಟ್ಟನೇ? ಅಗ್ಗದ ವಿಸ್ಕಿಯ ಪೊಟ್ಟಣಕ್ಕೆ ಬದಲಾದ. ಕಿರಾಣಿ ಅಂಗಡಿ, ಚಹಾದಂಗಡಿಗಳಲ್ಲಿ ಅಕ್ರಮ ಮಾರಾಟ ಆರಂಭವಾಯಿತು. ಇದನ್ನು ಸಹಿಸಲಾಗದೆ ಉತ್ತರ ಕರ್ನಾಟಕದ ಹಳ್ಳಿಗಳ ಸಾವಿರಾರು ಹೆಣ್ಣುಮಕ್ಕಳು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರಿಗೂ ಹೆಚ್ಚು ದೂರ ನಡೆದುಬಂದರು. ವೈನಿನ ಸೊಗಸನ್ನು ವರ್ಣಿಸುವ ನಮ್ಮ ನಗರದ ಸ್ನೇಹಿತರು ಪಂಕ್ತಿಯ ಕೊನೆಯಲ್ಲಿ ಕುಳಿತವರನ್ನು ಕಾಣಬೇಕೆಂದಿದ್ದರೆ ಆ ಮೆರವಣಿಗೆಯಲ್ಲಿ ಕಾಣಬಹುದಿತ್ತು.

ಹಾಗಾದರೆ ವೈನ್ ಉದ್ಯಮ ಬೇಡವೇ? ನಾನು ಹಾಗೆ ಹೇಳುತ್ತಿಲ್ಲ. ಕ್ರೈಸ್ತರೇ ಬಹುಸಂಖ್ಯಾತರಾದ, ಪ್ರೆಸ್ಬಿಟೇರಿಯನ್ ಸಭೆಯ ಒತ್ತಾಯದಿಂದ ಪಾನನಿಷೇಧ ತಂದ ಮಿಜೋರಾಂ, ದ್ರಾಕ್ಷಿ ಬೆಳೆಗಾರರ ಹಿತಕ್ಕಾಗಿ 2007ರಲ್ಲಿ ಕಾನೂನು ತಿದ್ದಿ ಸ್ಥಳೀಯ ದ್ರಾಕ್ಷಿಯ ವೈನಿಗೆ ಅವಕಾಶ ಕೊಟ್ಟಿತು. ಭಟ್ಟಿ ಮದ್ಯದ ವಿಷಯದಲ್ಲಿ ಅಲ್ಲಿನ ನೀತಿ ಹಲವು ಬಾರಿ ಹಿಂದೆ ಮುಂದೆ ಓಲಾಡಿದೆ. ಆದರೆ ರೈತನನ್ನೂ ಕುಡುಕನ ಸಂಸಾರವನ್ನೂ ಒಂದೇ ಕಾನೂನಿನಲ್ಲಿ ನೆನೆಯುವ ಪ್ರಯತ್ನವಾದರೂ ನಡೆಯಿತು. ನಮ್ಮಲ್ಲಿ ರೈತನ ಹೆಸರಿನಲ್ಲಿ ವೈನ್ ಪಾರ್ಕಿನ ಮಾತಾಡುವವರು ಒಂದು ವಾಸ್ತವವನ್ನು ಮರೆಯುತ್ತಾರೆ. ವಿಜಯಪುರದ ತೋಟಗಳಲ್ಲಿ ಹೆಚ್ಚಾಗಿರುವುದು ಥಾಮ್ಸನ್ ಸೀಡ್‌ಲೆಸ್, ಸೋನಾಕಾ, ಮಾಣಿಕ್ ಚಮನ್‌ನಂಥ ತಳಿಗಳು. ಇವು ತಿನ್ನುವುದಕ್ಕೆ, ಒಣಗಿಸುವುದಕ್ಕೆ ಹೇಳಿ ಮಾಡಿಸಿದವು. ಉತ್ತಮ ವೈನಿಗೆ ಬೇಕಾದ ತಳಿಗಳೇ ಬೇರೆ. ಬಳ್ಳಿ ಬದಲಿಸಿ, ಫಲಕ್ಕೆ ವರ್ಷಗಟ್ಟಲೆ ಕಾಯುವ ಶಕ್ತಿ ಸಣ್ಣ ರೈತನಿಗಿಲ್ಲ. ಅವನಿಗೆ ಇಂದು ಬೇಕಾಗಿರುವುದು ಅಕಾಲಿಕ ಮಳೆಯಿಂದ ಮಣೂಕ ಕಾಪಾಡುವ ಒಣಗಿಸುವ ಶೆಡ್ಡು, ಶೀತಲಗೃಹ, ಮತ್ತು ಮಹಾರಾಷ್ಟ್ರದ ತಾಸಗಾಂವ, ಸಾಂಗಲಿಗಳ ಪೇಟೆಯನ್ನೇ ನಂಬಿ ಕೂರದಂತೆ ಮಾಡುವ ಸ್ಥಳೀಯ ಮಾರುಕಟ್ಟೆ. ಕುಮಾರಪ್ಪನವರ ಬೆಲ್ಲಕ್ಕೆ ಈ ಜಿಲ್ಲೆಯಲ್ಲಿ ಸಮಾನವಾದುದು ಮಣೂಕವೇ. ಇವೆಲ್ಲ ಆದ ಮೇಲೆ ವೈನರಿಯೂ ಬರಲಿ, ಅದಕ್ಕೆ ಹಣ್ಣು ಕೊಡುವ ರೈತರೂ ಮುಂದೆ ಬರಲಿ.

ತೆರಿಗೆಯ ವಿಷಯದಲ್ಲಿ, ಬಾಟಲಿಯ ಬೆಲೆಗಿಂತ ಅದರೊಳಗಿನ ಮದ್ಯಸಾರದ ಪ್ರಮಾಣವೇ ಆಧಾರವಾಗುವುದು ಯುಕ್ತ. ಹಾಗಾದಾಗ ವೈನ್ ಸಹಜವಾಗಿಯೇ ಹಗುರಾಗುತ್ತದೆ, ತೀಕ್ಷ್ಣ ಮದ್ಯ ಭಾರವಾಗುತ್ತದೆ; ವೈನ್ ಮದ್ಯವಲ್ಲ ಎಂಬ ಸುಳ್ಳನ್ನು ಯಾರೂ ಹೇಳಬೇಕಾಗುವುದಿಲ್ಲ. ಸಂಗ್ರಹವಾದ ಹಣದಲ್ಲಿ ಒಂದು ಪಾಲು ತಾಲ್ಲೂಕು ಆಸ್ಪತ್ರೆಗಳಲ್ಲಿ ವ್ಯಸನಮುಕ್ತಿ ಚಿಕಿತ್ಸೆಗೆ ಮೀಸಲಾಗಬೇಕು. ಇಂಡಿಯಿಂದಲೋ ಮುದ್ದೇಬಿಹಾಳದಿಂದಲೋ ಒಬ್ಬ ಕೂಲಿಕಾರ ಕುಡಿತ ಬಿಡಲು ಮನಸ್ಸು ಮಾಡಿದರೆ, ದಿನದ ಕೂಲಿ ಕಳೆದುಕೊಂಡು ಜಿಲ್ಲಾ ಕೇಂದ್ರಕ್ಕೆ ಅಲೆಯದೆ ಅವನಿಗೆ ನೆರವು ದೊರೆಯುವಂತಿರಬೇಕು.

ಪರವಾನಗಿಯ ನಿಯಮಗಳು ದೇವಾಲಯ, ಶಾಲೆಗಳಿಂದ ಅಂಗಡಿ ಎಷ್ಟು ಮೀಟರು ದೂರವಿರಬೇಕೆಂದು ಹೇಳುತ್ತವೆ. ಆ ಊರಿನ ಹೆಣ್ಣುಮಕ್ಕಳ ಅಭಿಪ್ರಾಯವನ್ನೂ ಅವು ಕೇಳುವುದು ಒಳ್ಳೆಯದು. ಇಂಡಿ ತಾಲ್ಲೂಕಿನಿಂದ ಭೀಮೆ ದಾಟಿದರೆ ಸೊಲ್ಲಾಪುರ ಜಿಲ್ಲೆ. ಅಲ್ಲಿ ಮಹಾರಾಷ್ಟ್ರದ ನಿಯಮದಂತೆ, ನಿಗದಿತ ಪ್ರಮಾಣದ ಮಹಿಳಾ ಮತದಾರರು ಕೋರಿದರೆ ಮದ್ಯದಂಗಡಿ ಇರಬೇಕೋ ಬೇಡವೋ ಎಂದು ಗುಪ್ತ ಮತದಾನ ನಡೆಸಬೇಕಾಗುತ್ತದೆ. ಮತಪತ್ರದಲ್ಲಿ ಎರಡು ಚಿಹ್ನೆಗಳಿರುತ್ತವೆ: ನಿಂತ ಬಾಟಲಿ, ಮಲಗಿಸಿದ ಬಾಟಲಿ. ಮಲಗಿಸಿದ ಬಾಟಲಿ ಅರ್ಧಕ್ಕಿಂತ ಹೆಚ್ಚು ಮತ ಪಡೆದರೆ ಅಂಗಡಿ ಮುಚ್ಚುತ್ತದೆ. ನದಿಯ ಈಚೆ ದಂಡೆಯಲ್ಲಿ ಅಂಥ ಮತಪತ್ರ ಮುದ್ರಿಸುವುದಕ್ಕೆ ನಮ್ಮ ಅಬಕಾರಿ ಇಲಾಖೆಗೆ ಹೆಚ್ಚೇನೂ ಖರ್ಚಾಗದು.